ಸ್ಲೀವ್ ಆಪರೇಷನ್ ಆದ ಮೇಲೆ ಮತ್ತೆ ಏರಿದ ತೂಕ: ನಾನು ಇಳಿಸಿಕೊಂಡ ಬಗೆ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ತೂಕದ ಮಷೀನಿನಲ್ಲಿ ಅಂಕಿ ಏರಿತು ಅಂತ ಕೂಡಲೇ ಊಟ ಬಿಡಬೇಡಿ. ಏರಿದ್ದು ಏನು ಅಂತ ನೋಡಿ. ನೀರೋ, ಕೊಬ್ಬೋ, ಎರಡೂ ಸೇರಿದೆಯೋ? ನೀರಾದರೆ ಮಾಡಬೇಕಾದ್ದು ಬೇರೆ, ಕೊಬ್ಬಾದರೆ ಬೇರೆ. ನನ್ನ ವಿಷಯದಲ್ಲಿ ಎರಡೂ ಸೇರಿತ್ತು.

ನಾನು ಮಂಡ್ಯದವಳು, ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಆಪರೇಷನ್‌ಗೆ ಮುಂಚೆ ನನ್ನ ತೂಕ 118 ಕೆಜಿ ಇತ್ತು. ಸಕ್ಕರೆ ಕಾಯಿಲೆ, ಥೈರಾಯ್ಡ್, ಮಂಡಿ ನೋವು ಮೂರೂ ಇದ್ದವು. ಬೆಂಗಳೂರಿಗೆ ಹೋಗಿ ಸ್ಲೀವ್ ಮಾಡಿಸಿಕೊಂಡೆ. ಇದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಸಣ್ಣ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವ ಜಾಗವೂ ಅದರ ಜೊತೆ ಹೋಗುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ನಾನು 74ಕ್ಕೆ ಬಂದಿದ್ದೆ. ಸಕ್ಕರೆ ಮಾತ್ರೆ ನಿಂತಿತ್ತು. ಶಾಲೆಯ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದು ಬೇಕಾಗಿರಲಿಲ್ಲ.

ಅಲ್ಲಿಯವರೆಗೂ ತೂಕ ಒಂದೇ ಸಮನೆ ಇಳಿದಿರಲಿಲ್ಲ. ಆಪರೇಷನ್ ಆದ ಮಾರನೇ ದಿನ ಆಸ್ಪತ್ರೆಯಲ್ಲಿ ತೂಕ ನೋಡಿದರೆ ಎರಡು ಕೆಜಿ ಜಾಸ್ತಿ ತೋರಿಸಿತು. ಅದು ಡ್ರಿಪ್‌ನಲ್ಲಿ ಹೋದ ನೀರು, ಮನೆಗೆ ಬಂದ ಮೇಲೆ ತಾನಾಗಿಯೇ ಹೋಯಿತು. ಮೂರನೇ ವಾರದಲ್ಲಿ ತೂಕ ನಿಂತೇ ಹೋಯಿತು. ಇದು ತುಂಬಾ ಜನಕ್ಕೆ ಆಗುತ್ತದೆ. ಶರೀರ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಶೇಖರಿಸಿಡುತ್ತದೆ, ಅಂಥ ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಮೊದಲ ದಿನಗಳಲ್ಲಿ ಆ ಗ್ಲೈಕೋಜನ್ ಖಾಲಿಯಾದಾಗ ತೂಕ ಸರಸರನೆ ಇಳಿಯುತ್ತದೆ. ಊಟ ಸ್ವಲ್ಪ ಶುರುವಾದ ಮೇಲೆ ನೀರು ಒಂದಿಷ್ಟು ವಾಪಸ್ ಬರುತ್ತದೆ. ಒಳಗೆ ಕೊಬ್ಬು ಕರಗುತ್ತಿದ್ದರೂ ಮಷೀನು ತೋರಿಸುವುದಿಲ್ಲ. ಆಗ ಏನೂ ಮಾಡಬೇಕಾಗಿಲ್ಲ. ಸುಮ್ನೆ ಹೇಳಿದ ಊಟ ತಿಂದುಕೊಂಡು ಇರುವುದು, ಅಷ್ಟೇ.

ಮೂರನೇ ವರ್ಷ ಏರಿದ ತೂಕ ಹೀಗೆ ತಾನಾಗಿ ಹೋಗುವಂಥದ್ದಾಗಿರಲಿಲ್ಲ. ಮಳೆಯಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಬಲಗಾಲಿನ ಹರಡಿನ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿದರು, ಕಾಲು ಊರಬಾರದು ಅಂದರು. ಸ್ಲೀವ್ ಆಗಿದೆ ಅಂತ ಅಲ್ಲಿ ಮೊದಲೇ ಹೇಳಿದೆ. ನೀವೂ ಹೇಳಲೇಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳಿಂದ ಜಠರದಲ್ಲಿ ಹುಣ್ಣಾಗಬಹುದು, ನಮ್ಮಂಥವರಿಗೆ ಆ ಭಯ ಜಾಸ್ತಿ. ಜಠರವನ್ನು ಚಿಕ್ಕದು ಮಾಡಿ ಕರುಳಿನ ದಾರಿಯನ್ನೂ ಬದಲಿಸುವ ಬೈಪಾಸ್ ಎಂಬ ಇನ್ನೊಂದು ತೂಕ ಇಳಿಸುವ ಆಪರೇಷನ್ ಆದವರಂತೂ ಅವನ್ನು ಮುಟ್ಟಲೇಬಾರದು ಅನ್ನುತ್ತಾರೆ. ನನಗೆ ಪ್ಯಾರಾಸಿಟಮಾಲ್‌ನಲ್ಲೇ ನಿಭಾಯಿಸಿದರು.

ಪ್ಲಾಸ್ಟರ್ ಇರುವಷ್ಟು ದಿನ ತೂಕ ನೋಡಲಿಲ್ಲ. ಪ್ಲಾಸ್ಟರಿಗೇ ತೂಕ ಇರುತ್ತದೆ, ಒಂಟಿ ಕಾಲಲ್ಲಿ ಮಷೀನಿನ ಮೇಲೆ ನಿಲ್ಲಲೂ ಆಗುವುದಿಲ್ಲ. ಬಿಚ್ಚಿದ ಮೇಲೆ ನೋಡಿದೆ. 82. ಮುಖ ಊದಿಕೊಂಡಿತ್ತು, ಬಳೆ ಬಿಗಿಯಾಗಿತ್ತು. "ಅಷ್ಟು ದುಡ್ಡು ಸುರಿದು ಮಾಡಿಸಿದ ಆಪರೇಷನ್ ಫೇಲ್ ಆಯ್ತಲ್ಲಮ್ಮ" ಅಂತ ನೋಡಲು ಬಂದವರೊಬ್ಬರು ಎದುರಿಗೇ ಅಂದರು. ಆ ಮಾತು ಎಷ್ಟು ತಪ್ಪು ಅಂತ ಈಗ ಗಟ್ಟಿಯಾಗಿ ಹೇಳಬಲ್ಲೆ.

ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿದ ಡಾಕ್ಟರನ್ನೇ ಕಂಡೆ. ಅವರು ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದ ಮಾತು ಹೇಳಿದರು. ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇಕಡಾ 32ರಷ್ಟು ಇಳಿದಿತ್ತು. ಹತ್ತು ವರ್ಷ ಆದಾಗ ಆ ಇಳಿಕೆ ಶೇಕಡಾ 25ಕ್ಕೆ ಬಂದು ನಿಂತಿತ್ತು. ಅಂದರೆ ಕೆಳಗೆ ಮುಟ್ಟಿದ ಮೇಲೆ ಒಂದಿಷ್ಟು ಮೇಲೆ ಬರುವುದು ಸಹಜ. ಕಳೆದುಕೊಂಡ ತೂಕವನ್ನು ಶರೀರ ವಾಪಸ್ ಪಡೆಯಲು ನೋಡುತ್ತದೆ. ಹಸಿವು ಜಾಸ್ತಿ ಮಾಡುತ್ತದೆ, ಕ್ಯಾಲರಿ ಖರ್ಚು ಕಮ್ಮಿ ಮಾಡುತ್ತದೆ. "ಅಳಬೇಡಿ ಮೇಡಂ, ಮೊದಲು ರಕ್ತ ಪರೀಕ್ಷೆ ಮಾಡಿಸೋಣ" ಅಂದರು.

ಟಿಎಸ್‌ಎಚ್ ತುಂಬಾ ಏರಿತ್ತು. ಥೈರಾಯ್ಡ್ ಹಾರ್ಮೋನು ಕಮ್ಮಿಯಾದಾಗ ರಕ್ತದಲ್ಲಿ ಏರುವ ಹಾರ್ಮೋನು ಅದು. ಥೈರಾಯ್ಡ್ ಮಾತ್ರೆ ಒಂದು ದಿನವೂ ತಪ್ಪಿರಲಿಲ್ಲ, ಆದರೂ ಏರಿತ್ತು. "ಮಾತ್ರೆ ಯಾವಾಗ, ಯಾವುದರ ಜೊತೆ ತಗೋತೀರಾ?" ಅಂತ ಕೇಳಿದರು. ಮೂಳೆ ಕೂಡಲಿ ಅಂತ ಕ್ಯಾಲ್ಸಿಯಂ ಮಾತ್ರೆ ಹೊಸದಾಗಿ ಸೇರಿಸಿದ್ದರು. ಬೆಳಗಿನದು ಅಂತ ಬರೆದ ಮಾತ್ರೆಗಳನ್ನೆಲ್ಲ ಮಗಳು ಒಟ್ಟಿಗೆ ಒಂದು ಬಟ್ಟಲಿಗೆ ಹಾಕಿ ತಂದು ಕೊಡುತ್ತಿದ್ದಳು. ಕ್ಯಾಲ್ಸಿಯಂ ಆಗಲಿ, ಕಬ್ಬಿಣದ ಮಾತ್ರೆಯಾಗಲಿ ಜೊತೆಗಿದ್ದರೆ ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ನಾಲ್ಕು ಗಂಟೆಯಾದರೂ ಅಂತರ ಬೇಕು. ಚೀಟಿ ಬರೆದುಕೊಟ್ಟವರು ಯಾರೂ ಇದನ್ನು ಹೇಳಿರಲಿಲ್ಲ. ಇಷ್ಟು ಮಾತ್ರೆ ನುಂಗುವವರಿಗೆ ಇದನ್ನು ಬಿಡಿಸಿ ಹೇಳಲೇಬೇಕು ಅಲ್ವಾ? ಈಗ ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ, ಒಂದು ಗಂಟೆ ಬಿಟ್ಟು ತಿಂಡಿ. ಕ್ಯಾಲ್ಸಿಯಂ ಮಧ್ಯಾಹ್ನ ಮತ್ತು ಸಂಜೆ, ಅದೂ ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಬಗೆಯದು. ಜಠರದಲ್ಲಿ ಆಮ್ಲ ಕಮ್ಮಿ ಇದ್ದರೂ ಸಿಟ್ರೇಟ್ ಶರೀರಕ್ಕೆ ಹತ್ತುತ್ತದೆ. ಕಬ್ಬಿಣದ್ದು ರಾತ್ರಿ, ಕ್ಯಾಲ್ಸಿಯಂನಿಂದ ಎರಡು ಗಂಟೆ ದೂರ ಇಟ್ಟು. ಈ ಪಟ್ಟಿ ಫ್ರಿಜ್ಜಿನ ಮೇಲೆ ಅಂಟಿಸಿದೆ.

ಥೈರಾಯ್ಡ್ ಹಾರ್ಮೋನು ಕಮ್ಮಿಯಾದಾಗ ಏರುವ ತೂಕದಲ್ಲಿ ಉಪ್ಪು, ನೀರಿನ ಪಾಲೇ ದೊಡ್ಡದು. ಮಾತ್ರೆಯ ಹೊತ್ತು ಸರಿಯಾದ ಮೇಲೆ, ಊಟದಲ್ಲಿ ಇನ್ನೂ ಹೆಚ್ಚೇನೂ ಬದಲಾಯಿಸುವ ಮುಂಚೆಯೇ, ಮುಖದ ಊತ ಇಳಿಯಿತು. ಎರಡು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿದಾಗ ಟಿಎಸ್‌ಎಚ್ ಸರಿಹೋಗಿತ್ತು, ತೂಕ 79 ಇತ್ತು. ಊಟ ಬಿಟ್ಟು ಕೂತಿದ್ದರೆ ಈ ಮೂರು ಕೆಜಿಯ ಕಾರಣ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮಿಕ್ಕಿದ್ದು ಕೊಬ್ಬು. ಅದು ಎಲ್ಲಿಂದ ಬಂತು ಅಂತ ಡಯೆಟಿಷಿಯನ್ ಜೊತೆ ಕೂತು ಲೆಕ್ಕ ಹಾಕಿದೆವು. ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದವರಿಗೆ ಏನು ಕೊಡುತ್ತಾರೆ? ಗಂಜಿ, ಹಾಲಲ್ಲಿ ನೆನೆಸಿದ ಬ್ರೆಡ್ಡು, ಬಿಸ್ಕತ್ತು, ರವೆ ಪಾಯಸ, ಹಣ್ಣಿನ ಜ್ಯೂಸು. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಸ್ಲೀವ್ ಆದವರ ಜಠರದಲ್ಲಿ ಇವು ಯಾವುವೂ ನಿಲ್ಲುವುದಿಲ್ಲ, ಜಾರಿಕೊಂಡು ಕೆಳಗೆ ಹೋಗಿಬಿಡುತ್ತವೆ. ಗಟ್ಟಿ ಊಟ, ಅದರಲ್ಲೂ ಕಾಳು, ಮೊಟ್ಟೆ, ಮಾಂಸ ತಿಂದರೆ ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತದೆ, ಬಹಳ ಹೊತ್ತು ಹಾಗೇ ಇರುತ್ತದೆ. ಗಂಜಿ ಒಂದು ಲೋಟ ಕುಡಿದರೆ ಅರ್ಧ ಗಂಟೆಗೆ ಮತ್ತೆ ಜಾಗ ಖಾಲಿ. ಕೊಳವೆ ದೊಡ್ಡದಾಗಿಬಿಟ್ಟಿದೆಯೇನೋ ಅಂತ ನನಗೆ ಭಯ ಇತ್ತು. ಎಂಡೋಸ್ಕೋಪಿ ಮಾಡಿ, ಅಂಥದ್ದೇನೂ ಇಲ್ಲ ಅಂದರು.

ಪರಿಚಯದವರೊಬ್ಬರು ಐದು ದಿನ ಬರೀ ನೀರು ಪದಾರ್ಥ ಕುಡಿ, ಹೊಟ್ಟೆ ಮತ್ತೆ ಚಿಕ್ಕದಾಗುತ್ತೆ ಅಂದಿದ್ದರು. ಡಾಕ್ಟರು ಬೇಡ ಅಂದರು. ಹಾಗೆ ಮಾಡಿದರೆ ಜಠರ ಚಿಕ್ಕದಾಗುವುದಿಲ್ಲ. ನೀರು ಇಳಿಯುತ್ತದೆ, ಜೊತೆಗೆ ಮಾಂಸಖಂಡವೂ ಹೋಗುತ್ತದೆ. ಪ್ಲಾಸ್ಟರಿನಲ್ಲಿ ನನ್ನ ಕಾಲಿನ ಮಾಂಸಖಂಡ ಆಗಲೇ ಕರಗಿ ಹೋಗಿತ್ತು.

ಅಡುಗೆಮನೆ ಅತ್ತೆಯವರ ಕೈಯಲ್ಲಿತ್ತು. ಅವರಿಗೆ ಬೇಜಾರಾಗದ ಹಾಗೆ ಹೇಳುವುದೇ ದೊಡ್ಡ ಕೆಲಸ. "ಅತ್ತೆ, ಗಂಜಿ ಬೇಡ. ಬಸ್ಸಾರಿಗೆ ಬೇಯಿಸಿದ ಹುರುಳಿಕಾಳು ಇರುತ್ತಲ್ಲ, ಅದಕ್ಕೆ ಒಗ್ಗರಣೆ ಹಾಕಿ ಕೊಡಿ, ಸಾಕು" ಅಂದೆ. "ಬರೀ ಕಾಳು ತಿಂದ್ರೆ ಶಕ್ತಿ ಎಲ್ಲಿಂದ ಬರುತ್ತೆ ತಾಯಿ?" ಅಂದರು. ಒಂದು ಸಲ ಡಯೆಟಿಷಿಯನ್ ಹತ್ತಿರ ಅವರನ್ನೇ ಕರೆದುಕೊಂಡು ಹೋದೆ. ನನಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು, ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ ಅಂತ ಅವರು ಬಿಡಿಸಿ ಹೇಳಿದರು. ಅವತ್ತಿನಿಂದ ಅತ್ತೆಯೇ ಕಾಳು ನೆನೆಹಾಕಲು ಶುರು ಮಾಡಿದರು. ಯಾರ ಕೈಯಲ್ಲಿ ಸೌಟು ಇದೆಯೋ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಇದಕ್ಕಿಂತ ಉಪಯೋಗವಾದದ್ದು ನನಗೆ ಬೇರೆ ಇಲ್ಲ.

ಬೆಳಿಗ್ಗೆ ಹೆಸರುಬೇಳೆ ದೋಸೆ ಒಂದು, ಮೊಟ್ಟೆ ಒಂದು. ಮಧ್ಯಾಹ್ನ ಮೊಳಕೆಕಾಳಿನ ಪಲ್ಯ ಇಲ್ಲವೇ ಮೀನು ಮೊದಲು, ಆಮೇಲೆ ಸೊಪ್ಪು, ಜಾಗ ಉಳಿದರೆ ಮಾತ್ರ ನೆಲ್ಲಿಕಾಯಿ ಗಾತ್ರದ ಮುದ್ದೆ. ಸಂಜೆ ಪನ್ನೀರು ಅಥವಾ ಪ್ರೋಟೀನ್ ಪುಡಿ ಕದಡಿದ ಮಜ್ಜಿಗೆ. ರಾತ್ರಿ ಕೋಳಿ ಅಥವಾ ಸೋಯಾ. ಊಟದ ಜೊತೆ ನೀರಿಲ್ಲ, ಮುಗಿದು ಅರ್ಧ ಗಂಟೆ ಆದ ಮೇಲೆ. ಬಿಸ್ಕತ್ತು, ನಿಪ್ಪಟ್ಟು ಮನೆಗೆ ತರುವುದನ್ನೇ ನಿಲ್ಲಿಸಿದೆವು. ಹಬ್ಬದ ಒಬ್ಬಟ್ಟು ಬಿಡಲಿಲ್ಲ. ಊಟ ಆದ ಮೇಲೆ ಕಾಲು ಭಾಗ ತಿನ್ನುತ್ತೇನೆ.

ನಡೆಯಲು ಬರುವ ಮುಂಚೆಯೇ ಫಿಸಿಯೋಥೆರಪಿಸ್ಟ್ ಕೈಗೆ ರಬ್ಬರ್ ಬ್ಯಾಂಡ್ ಕೊಟ್ಟರು. ಆಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಆಮೇಲೆ ನಡಿಗೆ. ವ್ಯಾಯಾಮ ಶುರು ಮಾಡಿದ ವಾರ ತೂಕ ಒಂದು ಕೆಜಿ ಏರಿತು. ದಣಿದ ಮಾಂಸಖಂಡ ನೀರು ಹಿಡಿದುಕೊಳ್ಳುತ್ತದೆ ಅಂತ ಮೊದಲೇ ಹೇಳಿದ್ದರು, ಹಾಗಾಗಿ ಗಾಬರಿ ಆಗಲಿಲ್ಲ. ತೂಕ ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ನೋಡುತ್ತೇನೆ. ದಿನಾ ನೋಡುವುದಿಲ್ಲ.

ಇದೆಲ್ಲ ಸಾಲದಿದ್ದರೆ ಔಷಧಿ ಇದೆ ಅಂತಲೂ ಡಾಕ್ಟರು ಹೇಳಿದ್ದರು. ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಥರದ ವಾರದ ಇಂಜೆಕ್ಷನ್‌ಗಳು ತೂಕ ಇಳಿಸಲೆಂದೇ 2025ರಲ್ಲಿ ನಮ್ಮ ದೇಶಕ್ಕೆ ಬಂದಿವೆ. ಕೆಲವರಿಗೆ ಸ್ಲೀವನ್ನು ಬೈಪಾಸ್ ಆಗಿ ಬದಲಾಯಿಸುವುದೂ ಉಂಟು. ನನಗೆ ಅವು ಬೇಕಾಗಲಿಲ್ಲ. ಬೇಕಾದವರು ತೆಗೆದುಕೊಂಡರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಬಿಪಿ ಮಾತ್ರೆ ತಗೊಳ್ಳೋಕೆ ಯಾರೂ ನಾಚಿಕೊಳ್ಳಲ್ಲ ತಾನೆ?

ಈಗ ನನ್ನ ತೂಕ 76. 74ಕ್ಕೆ ಇಳಿಯಲಿಲ್ಲ, ಅದರ ಹಿಂದೆ ಓಡುವುದೂ ಇಲ್ಲ. ಸಕ್ಕರೆ ಹತೋಟಿಯಲ್ಲಿದೆ, ವಿಟಮಿನ್ ಬಿ12 ಮತ್ತು ಡಿ ಸರಿ ಇವೆ. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇನೆ.

ಎರಡು ಸಂದರ್ಭದಲ್ಲಿ ಮಾತ್ರ ಕಾಯಬೇಡಿ. ಎರಡು ಮೂರು ದಿನದಲ್ಲೇ ತೂಕ ಏರಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಅದು ಹೃದಯದ್ದೋ ಕಿಡ್ನಿಯದ್ದೋ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಇನ್ನೊಂದು, ತಿಂದದ್ದೆಲ್ಲ ದಿನಾ ವಾಂತಿಯಾಗುತ್ತಿದ್ದರೆ. ತೂಕ ಇಳಿಯುತ್ತಿದೆ ಅಂತ ಖುಷಿಪಟ್ಟು ಕೂರಬೇಡಿ. ವಾಂತಿಯಿಂದ ವಿಟಮಿನ್ ಬಿ1 ಕಮ್ಮಿಯಾದರೆ ನರಗಳಿಗೆ, ಮೆದುಳಿಗೆ ಪೆಟ್ಟು ಬೀಳುತ್ತದೆ. ಸ್ಲೀವ್ ಆಗಿದೆ, ವಾಂತಿ ನಿಲ್ಲುತ್ತಿಲ್ಲ, ಬಿ1 ಕೊಡಬೇಕಾ ನೋಡಿ ಅಂತ ಡ್ಯೂಟಿ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ.