ಡೈಪರ್ ಪ್ಯಾಕಿನ ಮೇಲಿನ ‘ಒಂದು ಲಸಿಕೆ’ ಯಾರದು?

ವಿದೇಶಕ್ಕೆ ಹೊಸದಾಗಿ ಬಂದ ಬಾಣಂತಿಯೊಬ್ಬರು ಡೈಪರ್ ಪ್ಯಾಕಿನಿಂದ ‘ಒಂದು ಪ್ಯಾಕ್ = ಒಂದು ಲಸಿಕೆ’ ಎಂಬ ಗುರುತನ್ನು ಕತ್ತರಿಸಿ, ಮಗುವಿನ ಲಸಿಕೆ ಕಾರ್ಡಿನೊಳಗೆ ಜೋಪಾನವಾಗಿಟ್ಟುಕೊಂಡು ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ತಂದಿದ್ದರು. ಕ್ಲಿನಿಕ್ಕಿನಲ್ಲಿ ತೋರಿಸಬೇಕೇ ಎಂದು ಕೇಳಿದರು. ತೋರಿಸಬೇಕಿಲ್ಲ. ಆ ಲಸಿಕೆ ನಮ್ಮ ಮಕ್ಕಳಿಗಲ್ಲ, ದೂರದ ಬಡ ನಾಡಿನ ಒಬ್ಬ ತಾಯಿಗೆ.

ಡೈಪರ್ ಬ್ರ್ಯಾಂಡ್ ಪ್ಯಾಂಪರ್ಸ್ ಮತ್ತು ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್ 2006ರಲ್ಲಿ ಇದನ್ನು ಶುರು ಮಾಡಿದವು. ಆ ಗುರುತಿರುವ ಪ್ಯಾಕ್ ಮಾರಾಟವಾದರೆ ಒಂದು ಡೋಸಿನ ಹಣವನ್ನು ಕಂಪನಿ ಕೊಡುತ್ತದೆ, ಯುನಿಸೆಫ್ ಧನುರ್ವಾಯುವಿನ (ಟೆಟನಸ್) ಲಸಿಕೆ ತಲುಪಿಸುತ್ತದೆ. ಈ ರೋಗದ ಬೀಜ ಮಣ್ಣಿನಲ್ಲೇ ಇರುತ್ತದೆ. ಹೊಕ್ಕುಳಬಳ್ಳಿಯನ್ನು ಕೊಳಕು ಬ್ಲೇಡಿನಿಂದ ಕೊಯ್ದರೆ ಸಾಕು: ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದ ಕೂಸು ಆಮೇಲೆ ಮೊಲೆ ಚೀಪಲಾರದೆ ಸೆಟೆದುಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 1988ರಲ್ಲಿ 7,87,000 ನವಜಾತ ಶಿಶುಗಳು ಹೀಗೆ ತೀರಿಕೊಂಡವು. 2018ರಲ್ಲಿ ಆ ಸಂಖ್ಯೆ ಸುಮಾರು 25,000. ಬಸುರಿಗೆ ಹಾಕಿದ ಚುಚ್ಚುಮದ್ದಿನ ರಕ್ಷಣೆ ಹೊಟ್ಟೆಯಲ್ಲಿರುವಾಗಲೇ ಕೂಸಿಗೂ ದಾಟಿ, ಹುಟ್ಟಿದ ಮೇಲೆ ಅದನ್ನು ಕಾಯುತ್ತದೆ. ಇಷ್ಟು ಇಳಿದದ್ದಕ್ಕೆ ಅದೊಂದು ದೊಡ್ಡ ಕಾರಣ.

ಹಾಗಂತ ಒಂದು ಪ್ಯಾಕ್ ಕೊಂಡರೆ ಒಂದು ಜೀವ ಉಳಿಯಿತು ಎಂದುಕೊಳ್ಳಬೇಡಿ. ಹಿಂದೆ ಲಸಿಕೆಯೇ ಆಗದ ತಾಯಿಗೆ ನಾಲ್ಕು ವಾರದ ಅಂತರದಲ್ಲಿ ಕನಿಷ್ಠ ಎರಡು ಡೋಸ್ ಬೇಕು. ಯಾವ ಪ್ಯಾಕಿಗೆ, ಯಾವ ತಾರೀಖಿನವರೆಗೆ ಹಣ ಹೋಗುತ್ತದೆ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ, ಓದಿ. ಮನೆಗೆ ಬೇಕಿದ್ದ ಪ್ಯಾಕ್ ಆದರೆ ಸಂತೋಷ. ಬೇಡದ್ದನ್ನು ಕೊಳ್ಳುವ ಬದಲು ಆ ಹಣವನ್ನು ನೇರ ಯುನಿಸೆಫ್‌ಗೇ ಕೊಡಿ ಎನ್ನುವುದು ನಮ್ಮ ಸಲಹೆ. ಕೊಡುವ ಮೊದಲು ಆಫೀಸಿನ ಎಚ್‌ಆರ್‌ನಲ್ಲಿ ವಿಚಾರಿಸಿ. ನೌಕರರು ಕೊಟ್ಟಷ್ಟನ್ನೇ ತಾವೂ ಸೇರಿಸಿ ಕೊಡುವ ಕಂಪನಿಗಳು ಬಹಳ ಇವೆ, ಹೊಸಬರಿಗೆ ಅದು ಗೊತ್ತಿರುವುದಿಲ್ಲ. ಕೈಯಲ್ಲಿ ದುಡ್ಡಿಲ್ಲ, ಸಮಯವಿದೆ ಎನ್ನುವವರು ರೋಟರಿ, ಕಿವಾನಿಸ್‌ನಂಥ ಸಮಾಜಸೇವಾ ಕ್ಲಬ್ಬುಗಳ ಕಡೆ ನೋಡಬಹುದು. ರೋಟರಿ 1985ರಿಂದ ಪೋಲಿಯೊ ವಿರುದ್ಧ ದುಡಿಯುತ್ತಿದೆ; ಕಿವಾನಿಸ್ 2010ರಲ್ಲಿ ಯುನಿಸೆಫ್ ಜೊತೆ ಸೇರಿ ಇದೇ ಧನುರ್ವಾಯುವಿಗಾಗಿ ಹಣ ಕೂಡಿಸಲು ಹೊರಟಿತು.

ಇನ್ನು ನಿಮ್ಮದೇ ಲಸಿಕೆಯ ವಿಷಯ. ಇದನ್ನು ಯಾವ ಪ್ಯಾಕೂ ತಂದುಕೊಡುವುದಿಲ್ಲ, ನೀವೇ ಕೇಳಬೇಕು. “ಊರಲ್ಲೇ ಟಿಟಿ ಆಗಿದೆ” ಎಂದು ಸುಮ್ಮನಿರುವ ಬಸುರಿಯರನ್ನು ಪ್ರತಿ ವರ್ಷ ನೋಡುತ್ತೇವೆ. ಟಿಟಿ ಎಂದರೆ ಧನುರ್ವಾಯುವಿನ ಚುಚ್ಚುಮದ್ದು ಮಾತ್ರ, ಅದರಲ್ಲಿ ನಾಯಿಕೆಮ್ಮಿನ ಲಸಿಕೆ ಇರುವುದಿಲ್ಲ. ನಾಯಿಕೆಮ್ಮು ಎಳೆಗೂಸುಗಳ ಪ್ರಾಣಕ್ಕೇ ಬರುವ ರೋಗ, ಅದಕ್ಕೆ ಮಗುವಿನ ಸ್ವಂತ ಡೋಸ್ ಶುರುವಾಗುವುದು ಹುಟ್ಟಿ ಆರೆಂಟು ವಾರವಾದ ಮೇಲೆ. ಅಲ್ಲಿಯವರೆಗೆ ಅಮ್ಮನಿಂದ ಬಂದ ರಕ್ಷಣೆಯೇ ಗತಿ. ಆದ್ದರಿಂದ ಪ್ರತಿ ಬಸುರಿನಲ್ಲೂ ನಾಯಿಕೆಮ್ಮಿನ ಲಸಿಕೆಯನ್ನು (ಟಿಡ್ಯಾಪ್, Tdap) ಡಾಕ್ಟರ ಬಳಿ ಹೆಸರು ಹಿಡಿದು ಕೇಳಿ.

ಮಗುವಿನ ಹಳೆಯ ಕಾರ್ಡ್ ಎಸೆಯಬೇಡಿ. ಅದರಲ್ಲಿ ‘ಪೆಂಟಾ’ ಎಂದಿದ್ದರೆ ಅದು ಐದು ರೋಗಗಳಿಗೆ ಒಂದೇ ಸೂಜಿ ಎಂದು ಇಲ್ಲಿನ ನರ್ಸ್‌ಗೆ ಬಿಡಿಸಿ ಹೇಳಿ. ಕಾರ್ಡ್ ಊರಲ್ಲೇ ಉಳಿದಿದ್ದರೆ ಎಲ್ಲ ಪುಟಗಳ ಫೋಟೊ ಇವತ್ತೇ ತರಿಸಿಕೊಳ್ಳಿ.