ಚಂದ್ರನ ಕಾರ್ಡಿಗೆ ಗದ್ದೆಯ ಏಡಿ

ಭವಿಷ್ಯ ಓದಲು ಬಳಸುವ ಟ್ಯಾರೋ ಕಾರ್ಡುಗಳಲ್ಲಿ ಪ್ರಾಣಿಗಳ ಚಿತ್ರವಿರುವ ಕಟ್ಟುಗಳಿಗೆ ಕೊರತೆಯಿಲ್ಲ. ತೋಳ, ಹಿಮಗೂಬೆ, ಕೆಂಪು ನರಿ, ಸಾರಂಗ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ, ಚೆಲುವಾಗಿಯೂ ಇರುತ್ತವೆ. ಆದರೆ ಕೊಡಗಿನ ಕಾಫಿ ತೋಟದ ನಡುವೆ ಕುಳಿತು ಚಿತ್ರ ಬರೆಯುವ ನನಗೆ, ಎಂದೂ ಕಾಣದ ತೋಳದ ಕಣ್ಣಿನಲ್ಲಿ ಯಾವ ಭಾವ ತುಂಬಬೇಕೆಂದು ಹೊಳೆಯಲಿಲ್ಲ. ಹಾಗಾಗಿ ನನ್ನ ಕಟ್ಟಿಗೆ ಒಂದು ನಿಯಮ ಹಾಕಿಕೊಂಡೆ. ಪ್ರಾಣಿ ಈ ಜಿಲ್ಲೆಯದಾಗಿರಬೇಕು, ಕಾರ್ಡಿನ ಅರ್ಥ ಅದರ ರೂಪದಿಂದಲ್ಲ, ಅದು ಬದುಕುವ ರೀತಿಯಿಂದ ಹೊರಡಬೇಕು.

ಒಂದು ಕಟ್ಟಿನಲ್ಲಿ 78 ಕಾರ್ಡುಗಳಿರುತ್ತವೆ: ‘ಚಂದ್ರ’, ‘ಗೋಪುರ’ದಂಥ ಹೆಸರುಳ್ಳ 22 ಮುಖ್ಯ ಕಾರ್ಡುಗಳು (ಮೇಜರ್ ಅರ್ಕಾನಾ), ದಂಡ, ಬಟ್ಟಲು, ಖಡ್ಗ, ನಾಣ್ಯ ಎಂಬ ಪಂಗಡಗಳಿಗೆ ಸೇರಿದ 56 ಕಾರ್ಡುಗಳು (ಮೈನರ್ ಅರ್ಕಾನಾ). 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರಿಸಿದ ಕಟ್ಟನ್ನೇ ಇಂದಿನ ಕಲಾವಿದರಲ್ಲಿ ಹೆಚ್ಚಿನವರು ಮುಂದಿಟ್ಟುಕೊಳ್ಳುತ್ತಾರೆ. ಅದಕ್ಕೂ ಹಿಂದಿನ ಬಹುತೇಕ ಕಟ್ಟುಗಳಲ್ಲಿ ‘ಬಟ್ಟಲು ಐದು’ ಎಂದರೆ ಐದು ಬಟ್ಟಲುಗಳ ಚಿತ್ರ, ಅಷ್ಟೇ. ಪಮೇಲಾ ಪ್ರತಿ ಕಾರ್ಡಿಗೂ ಒಂದು ಸನ್ನಿವೇಶ ಕೊಟ್ಟರು. ಆ ದುಡಿಮೆಗೆ ಅವರಿಗೆ ಸಿಕ್ಕಿದ್ದು ತೀರಾ ಅಲ್ಪ ಹಣ. ಕುಂಚ ಹಿಡಿದಾಗಲೆಲ್ಲ ನಾನು ಅವರನ್ನು ನೆನೆಯುತ್ತೇನೆ.

ಮೈನರ್ ಕಾರ್ಡುಗಳ ನಾಲ್ಕು ಪಂಗಡಗಳನ್ನು ಕೊಡಗಿನ ನೆಲಕ್ಕೆ ಹಂಚಿದೆ. ಬೆಂಕಿಗೆ ಸೇರಿದ ದಂಡ ನಾಗರಹೊಳೆಯ ಕಡೆಯ ಎಲೆಯುದುರುವ ಕಾಡಿಗೆ ಹೋಯಿತು. ಅಲ್ಲಿ ಬಿದಿರಿದೆ, ಬೇಸಿಗೆಯ ಕಾಳ್ಗಿಚ್ಚಿನ ಭಯವಿದೆ, ಹುಲಿ ಮತ್ತು ಸೀಳುನಾಯಿಗಳಿವೆ. ನೀರಿನ ಬಟ್ಟಲು ಕಾವೇರಿಗೆ: ನೀರುನಾಯಿ, ಮಹಶೀರ್ ಮೀನು, ಕಪ್ಪೆ. ಗಾಳಿಯ ಖಡ್ಗ ಹಕ್ಕಿಗಳಿಗೆ. ಮಣ್ಣಿನ ನಾಣ್ಯ ತೋಟಕ್ಕೆ. ‘ನಾಣ್ಯ ಎಂಟು’ ಕಸುಬುದಾರನ ಕಾರ್ಡು. ಅಲ್ಲಿ ರೊಬಸ್ಟಾ ಗಿಡದ ಎಲೆಗಳನ್ನು ಸೇರಿಸಿ ಹೊಲಿಯುವ ಚಗಳಿ ಇರುವೆಗಳನ್ನು ಕೂರಿಸಿದೆ. ಅವು ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಹಿಡಿದು, ಅವುಗಳಿಂದ ಹೊರಡುವ ರೇಷ್ಮೆಯ ನೂಲಿನಿಂದ ಗೂಡು ಹೆಣೆಯುತ್ತವೆ. ಕಾಫಿ ಕೊಯ್ಯುವವರು ಅವುಗಳ ಕಡಿತವನ್ನು ಬಲ್ಲರು, ನಾನು ಅವುಗಳ ಕೆಲಸಕ್ಕೆ ಮನಸೋತವಳು.

ಹೆಚ್ಚು ಕಾಲ ನನ್ನ ಮೇಜಿನ ಮೇಲೆ ಉಳಿದದ್ದು ‘ಚಂದ್ರ’. ಮೂಲ ಚಿತ್ರದಲ್ಲಿ ಎರಡು ಗೋಪುರಗಳ ನಡುವೆ ಒಂದು ದಾರಿ, ಇಕ್ಕೆಲದಲ್ಲಿ ನಾಯಿ ಮತ್ತು ತೋಳ, ಕೆಳಗೆ ಕೊಳದಿಂದ ಮೇಲೇಳುವ ಸಿಗಡಿಯಂಥ ಜೀವಿ. ನನ್ನ ಚಿತ್ರದಲ್ಲಿ ಗೋಪುರಗಳ ಜಾಗದಲ್ಲಿ ಕರಿಮೆಣಸಿನ ಬಳ್ಳಿ ಹಬ್ಬಿದ ಎರಡು ಸಿಲ್ವರ್ ಓಕ್ ಮರಗಳಿವೆ. ತೋಟದ ಕಾರ್ಮಿಕರ ಲೈನ್‌ಮನೆಯ ನಾಯಿ ಒಂದು ಕಡೆ, ನರಿ ಇನ್ನೊಂದು ಕಡೆ. ಕೆಳಗೆ ನಾಟಿಗೆ ಸಿದ್ಧವಾದ ಗದ್ದೆ, ಅದರ ಬದುವಿನ ಬಿಲದಿಂದ ಹೊರಟ ಏಡಿ. ಮೂಲದ ಜೀವಿ ದಾರಿಗೆ ಮುಖ ಮಾಡಿ ಏರುತ್ತದೆ, ಏಡಿ ದಾರಿಗೆ ಅಡ್ಡಲಾಗಿ ಸರಿಯುತ್ತದೆ. ಕಣ್ಣೆದುರಿನ ದಾರಿಯನ್ನೇ ನಂಬಲಾಗದ ಮನಸ್ಸಿನ ಸ್ಥಿತಿ ಈ ಕಾರ್ಡಿನದು. ಅದನ್ನು ಹೇಳಲು ಏಡಿಯ ಅಡ್ಡನಡಿಗೆಗಿಂತ ತಕ್ಕದ್ದು ನನಗೆ ಬೇರೆ ಕಾಣಲಿಲ್ಲ. ಮುಂಗಾರಿನಲ್ಲಿ ಏಡಿ ಹಿಡಿಯುವ ನೆರೆಮನೆಯ ಹಿರಿಯರೊಬ್ಬರು ಚಿತ್ರ ನೋಡಿ, “ಬಿಲದ ಬಾಯಲ್ಲಿ ಹಸಿಮಣ್ಣಿನ ಗುಪ್ಪೆ ಇರಲಿ ಮಗಳೇ, ಏಡಿ ಒಳಗಿದೆ ಎಂದು ಗೊತ್ತಾಗುವುದೇ ಅದರಿಂದ” ಎಂದರು. ಗುಪ್ಪೆಯನ್ನು ಸೇರಿಸಿದೆ.

‘ಮಹಾ ಅರ್ಚಕಿ’ ತೆರೆಯ ಮುಂದೆ ಗುಟ್ಟು ಕಾಯುತ್ತ ಕುಳಿತವಳು. ಅವಳ ಜಾಗ ಹೆಣ್ಣು ಮಂಗಟ್ಟೆ ಹಕ್ಕಿಗೆ ಸಂದಿತು. ಮೊಟ್ಟೆಯಿಡುವ ಕಾಲಕ್ಕೆ ಅದು ಮರದ ಪೊಟರೆಯೊಳಗೆ ಸೇರಿ, ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ, ಒಂದು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ತಂದ ಹಣ್ಣು ಆ ಸೀಳಿನಿಂದಲೇ ಒಳಹೋಗಬೇಕು. ಚಿತ್ರದಲ್ಲಿ ಕೊಕ್ಕಿನ ತುದಿಯಷ್ಟೇ ಕಾಣುತ್ತದೆ.

‘ಗೋಪುರ’ ಬರೆಯುವಾಗ ಮಾತ್ರ ಕೈ ಭಾರವಾಯಿತು. 2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಜಾರಿದ್ದನ್ನು ಕಂಡ ಜಿಲ್ಲೆಗೆ ಕುಸಿತ ಬರಿಯ ಸಂಕೇತವಲ್ಲ. ಮೂಲದಲ್ಲಿ ಸಿಡಿಲು ಬಡಿದ ಗೋಪುರದಿಂದ ಇಬ್ಬರು ಮನುಷ್ಯರು ಬೀಳುತ್ತಾರೆ. ನಾನು ಜಾರುವ ಗುಡ್ಡದ ಮೇಲೆ ವಾಲಿದ ಹಳೆಯ ಮರವನ್ನು ಬರೆದು, ಅದರ ಪೊಟರೆಯಿಂದ ಎರಡು ಹಾರುಬೆಕ್ಕುಗಳನ್ನು (ಹಾರುವ ಅಳಿಲುಗಳನ್ನು) ಹೊರಗೆ ಹಾರಿಸಿದೆ. ಅವು ಕಾಲುಗಳ ನಡುವಿನ ಚರ್ಮ ಬಿಡಿಸಿ ತೇಲುತ್ತಿವೆ. ಮನೆ ಹೋಯಿತು, ಜೀವ ಉಳಿಯಿತು. ಇಷ್ಟನ್ನಾದರೂ ಈ ಕಾರ್ಡು ಹೇಳಬೇಕೆಂಬುದು ನನ್ನ ಹಟವಾಗಿತ್ತು.

ಕಸುಬಿನ ವಿಷಯಕ್ಕೆ ಬಂದರೆ, ಎಲ್ಲವೂ ಜಲವರ್ಣ, ಚದರ ಮೀಟರಿಗೆ 300 ಗ್ರಾಂ ತೂಗುವ ಹತ್ತಿಯ ಕಾಗದ. ಕಾರ್ಡಿನ ಅಳತೆ 70×120 ಮಿಲಿಮೀಟರ್. ಅದರ ಎರಡರಷ್ಟು ದೊಡ್ಡದಾಗಿ ಬರೆದರೆ ಮುದ್ರಣದಲ್ಲಿ ಗೆರೆ ಬಿಗಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಬಣ್ಣದ ಒಂದು ಪದರ ಒಣಗಲು ಅರ್ಧ ದಿನ ಹಿಡಿಯುತ್ತದೆ, ಆದ್ದರಿಂದ ತೇವವೇ ಬೇಕಾದ ಮಂಜು ಮತ್ತು ಕಾಡಿನ ಹಿನ್ನೆಲೆಗಳನ್ನು ಆಗ ಬರೆದು, ಗರಿ ಮತ್ತು ತುಪ್ಪಳದ ಸೂಕ್ಷ್ಮ ಕೆಲಸವನ್ನು ಚಳಿಗಾಲಕ್ಕೆ ಇಟ್ಟುಕೊಂಡೆ. ನಾಟಿಯಾದ ಗದ್ದೆಯ ಎಳೆಹಸಿರು ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುತ್ತದೆ. ಅದರ ಸುತ್ತಲಿನ ಬಣ್ಣಗಳನ್ನು ಇನ್ನಷ್ಟು ಗಾಢವಾಗಿಸಿದರೆ ಹಸಿರು ತಾನೇ ಎದ್ದು ಬರುತ್ತದೆ.

ಕಾರ್ಡಿನ ಬೆನ್ನಿಗೆ ಎರಡು ಕೆಂದಳಿಲುಗಳನ್ನು ತಲೆಬಾಲ ಮಾಡಿ ಬರೆದೆ. ಯಾವ ಕಡೆಯಿಂದ ಹಿಡಿದರೂ ಬೆನ್ನು ಒಂದೇ ಬಗೆಯಾಗಿ ಕಾಣಬೇಕು. ಇಲ್ಲವಾದರೆ ಕಾರ್ಡು ತಲೆಕೆಳಗಾಗಿದೆ (ಹಾಗಿದ್ದರೆ ಅದರ ಅರ್ಥವೇ ಬೇರೆ) ಎಂಬುದು ಮಗುಚುವ ಮೊದಲೇ ಓದುವವರಿಗೆ ತಿಳಿದುಬಿಡುತ್ತದೆ.