ದೆವ್ವ ತೋರಿಸದೆ ದೆವ್ವದ ಸಿನಿಮಾ ಮಾಡಿದ್ದು: ನನ್ನ ಅನುಭವ

ನಮ್ಮ ಸಿನಿಮಾದಲ್ಲಿ ದೆವ್ವ ಒಂದು ಸಲವೂ ಕಾಣುವುದಿಲ್ಲ. ಇದನ್ನು ಕೇಳಿದ ಕಲಬುರಗಿಯ ಗೆಳೆಯರೆಲ್ಲ ತಲೆ ಅಲ್ಲಾಡಿಸಿದ್ದರು. ಮದುವೆ ವಿಡಿಯೊ ಮಾಡುವ ಹಿರಿಯರೊಬ್ಬರು "ದೆವ್ವನೇ ಇಲ್ಲಂದ್ರ ಯಾರ್ ನೋಡ್ತಾರೋ ತಮ್ಮಾ?" ಅಂದಿದ್ದರು. ಹೋದ ತಿಂಗಳು ನಮ್ಮ ಶೋನಲ್ಲಿ ಅವರೇ ಮೂರನೇ ಸಾಲಿನಲ್ಲಿ ಕೂತಿದ್ದರು. ಬೀಸುಕಲ್ಲಿನ ಸೀನ್ ಬಂದಾಗ ಪಕ್ಕದವನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

68 ನಿಮಿಷದ ಸಿನಿಮಾ, ಖರ್ಚು ಹತ್ತಿರ ಹತ್ತಿರ 1 ಲಕ್ಷ 90 ಸಾವಿರ. ಅದರಲ್ಲಿ 70 ಸಾವಿರದಷ್ಟು ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಮೊದಲು ಆ 70 ಸಾವಿರದ ಕಥೆ ಹೇಳುತ್ತೇನೆ.

ಶುರುವಿನಲ್ಲಿ ನಾವೂ ಎಲ್ಲರ ಹಾಗೆ ದೆವ್ವಕ್ಕೆ ಮೇಕಪ್ ಮಾಡಿಸಲು ಹೋದೆವು. ಹೈದರಾಬಾದಿನಿಂದ ಮೇಕಪ್‌ನವರನ್ನು ಕರೆಸಿದೆವು. 3 ದಿನಕ್ಕೆ ಓಡಾಟ, ಊಟ, ಸಾಮಾನು ಸೇರಿ 35 ಸಾವಿರ. ತಿಂಗಳು ಮೇ. ನಮ್ಮ ಕಡೆ ಮೇ ಅಂದರೆ ಗೊತ್ತಲ್ವಾ, ಹಗಲು 43 ಡಿಗ್ರಿ, ರಾತ್ರಿ 11 ಗಂಟೆಗೂ ಗೋಡೆ ಮುಟ್ಟಿದರೆ ಬಿಸಿ. ಹುಡುಗಿಯ ಕೆನ್ನೆಗೆ ಅಂಟಿಸಿದ್ದ ಲೇಟೆಕ್ಸ್ ಬೆವರಿಗೆ ಅಂಚಿನಿಂದ ಎದ್ದು ಬರುತ್ತಿತ್ತು. ಒಂದೊಂದು ಶಾಟ್‌ಗೂ ಮುಕ್ಕಾಲು ಗಂಟೆ ರಿಪೇರಿ. ರಕ್ತಕ್ಕೆ ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ, ಸ್ವಲ್ಪ ಕೋಕೋ ಪುಡಿ ಕಲಸಿದೆವು. ಕ್ಯಾಮೆರಾದಲ್ಲಿ ಬಹಳ ಚೆನ್ನಾಗಿ ಕಂಡಿತು, ಆದರೆ ಅರ್ಧ ಗಂಟೆಯಲ್ಲಿ ಇಡೀ ಪಡಸಾಲೆಗೆ ಇರುವೆ. ಹೊಗೆ ಯಂತ್ರ ಬಾಡಿಗೆಗೆ ತಂದರೆ ಹೊಗೆಯೆಲ್ಲ ಗವಾಕ್ಷಿಯಿಂದ ಮೇಲೆ ಹೋಯಿತು. ನಾವು ಶೂಟಿಂಗ್ ಮಾಡಿದಂಥ ಹಳೆ ವಾಡೆಗಳನ್ನು, ಅಂದರೆ ಹಳ್ಳಿಯ ದೊಡ್ಡ ಮನೆಗಳನ್ನು, ಹೊಗೆ ಹೊರಗೆ ಹೋಗಲೆಂದೇ ಕಟ್ಟಿರುತ್ತಾರೆ ಅನ್ನುವುದು ನಮಗೆ ಮೊದಲೇ ಹೊಳೆಯಬೇಕಿತ್ತು. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಶಟರ್ ವಿಷಯಕ್ಕೆ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಹೊಂದಲು ಕ್ಯಾಮೆರಾದ ಶಟರ್ 50ರಲ್ಲೇ (ಸೆಕೆಂಡಿನ 50ನೇ ಒಂದು ಭಾಗ) ಇರಬೇಕಿತ್ತು, ಇಲ್ಲದಿದ್ದರೆ ಬಲ್ಬಿನ ಮಿನುಗು ಚಿತ್ರದಲ್ಲಿ ಕಾಣುತ್ತದೆ. ಯಾರೋ 80ಕ್ಕೆ ತಿರುಗಿಸಿದ್ದರು, ನಾನು ನೋಡಲಿಲ್ಲ. ಅಗ್ಗದ ಎಲ್‌ಇಡಿ ಬಲ್ಬು, 2 ರಾತ್ರಿಯ ಶಾಟುಗಳೆಲ್ಲ ಪಟ್ಟೆ ಪಟ್ಟೆ. ಅಷ್ಟನ್ನೂ ಎಸೆದೆವು.

ಆಮೇಲೆ 4 ತಿಂಗಳು ಸುಮ್ನೆ ಕೂತೆವು. ಆ ಸಮಯದಲ್ಲೇ ನಾನು ಮತ್ತೆ ನೋಡಿದ್ದು, 2007ರಲ್ಲಿ ಮೊದಲು ತೋರಿಸಿದ 'ಪ್ಯಾರಾನಾರ್ಮಲ್ ಆಕ್ಟಿವಿಟಿ'. ನಿರ್ದೇಶಕ ತನ್ನ ಸ್ವಂತ ಮನೆಯಲ್ಲೇ, ಸುಮಾರು 15 ಸಾವಿರ ಡಾಲರಿನಲ್ಲಿ ಮಾಡಿದ್ದು. ಮಲಗುವ ಕೋಣೆಯ ಶಾಟುಗಳಲ್ಲಿ ಕ್ಯಾಮೆರಾ ಅಲ್ಲಾಡುವುದೇ ಇಲ್ಲ, ಅದಕ್ಕೇ ನಮ್ಮ ಕಣ್ಣು ಮೂಲೆ ಮೂಲೆ ಹುಡುಕುತ್ತದೆ. ಕನ್ನಡದಲ್ಲಿ 2013ರ '6-5=2' ಕೈಯಲ್ಲಿ ಹಿಡಿದ ಕ್ಯಾಮೆರಾದ ದಾರಿ ಹಿಡಿದಿತ್ತು. ಅದರ ಕಥೆ ನಡೆಯುವುದು ಕಾಡಿನಲ್ಲಿ, ಅಲ್ಲಿಗೆ ಅದು ಸರಿ. ನಮ್ಮದು ಚಿಂಚೋಳಿ ಕಡೆಯ ಒಂದು ಹಳ್ಳಿಯ ವಾಡೆ, ದಪ್ಪ ಗೋಡೆ, ಸಣ್ಣ ಬಾಗಿಲು, ಕೆಳಗೆ ಶಹಾಬಾದ್ ಪರಸಿ, ಅಂದರೆ ಚಪ್ಪಡಿ ಕಲ್ಲಿನ ನೆಲ. ಅಲ್ಲಿ ಸುಮ್ಮನೆ ನಿಂತರೇ ಸಾಕು. ಹಾಗಾಗಿ ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು ಬಿಟ್ಟೆವು, ಬೆಳಕಿಗೆ ಒಂದೇ ಬಲ್ಬು, ಉಳಿದ ದುಡ್ಡೆಲ್ಲ ಶಬ್ದಕ್ಕೆ. 22 ಸಾವಿರ ಕೊಟ್ಟು ಹಳೆಯದೊಂದು ರೆಕಾರ್ಡರ್, ಒಂದು ಒಳ್ಳೆ ಮೈಕ್ ತಂದೆ.

ಬೀಸುಕಲ್ಲಿನ ಸೀನ್ ಹುಟ್ಟಿದ್ದು ವಾಡೆಯ ಅಜ್ಜಿಯಿಂದ. ನಾನು ಶಬ್ದ ಹಿಡಿಯಲು ಖಾಲಿ ಕಲ್ಲು ತಿರುಗಿಸುತ್ತಿದ್ದೆ. ಆಕೆ ಓಡಿ ಬಂದು "ಬರೇ ಕಲ್ಲು ತಿರುವಬ್ಯಾಡಪ್ಪಾ, ಮನಿಗೆ ಛಲೋ ಅಲ್ಲ" ಅಂದರು. ಜೋಳ ಹಾಕಿ ಬೀಸಿದರೆ ಮೆತ್ತಗೆ, ಗುಂಯ್ ಅನ್ನುವ ದನಿ. ಖಾಲಿ ಕಲ್ಲು ಕಲ್ಲನ್ನೇ ತಿನ್ನುತ್ತದೆ, ಹಲ್ಲು ಜುಮ್ಮೆನ್ನುತ್ತದೆ. ಅಜ್ಜಿಯನ್ನು ಕೂರಿಸಿ, ಒಪ್ಪಿಸಿ, ಎರಡನ್ನೂ ಹಿಡಿದುಕೊಂಡೆ. ಸೀನ್ ಇಷ್ಟೇ. ಸೊಸೆ ರಾತ್ರಿ ನೀರು ಕುಡಿಯಲು ಏಳುತ್ತಾಳೆ. ಕತ್ತಲ ಕೋಣೆಯಿಂದ ಬೀಸುವ ಸದ್ದು. ಅವಳು ನಿಂತರೆ ಅದೂ ನಿಲ್ಲುತ್ತದೆ. ಮೂರನೇ ಸಲ ನಿಲ್ಲುವುದಿಲ್ಲ, ಮೆತ್ತನೆ ದನಿ ನಿಧಾನಕ್ಕೆ ಖಾಲಿ ಕಲ್ಲಿನ ದನಿಯಾಗುತ್ತದೆ. ಅವಳು ಲಾಟೀನು ಹಿಡಿದು ಒಳಗೆ ಹೋದಾಗ ಕಲ್ಲಿನ ಗೂಟ ನೆಟ್ಟಗೆ ನಿಂತಿದೆ, ಸುತ್ತ ಹಿಟ್ಟು. ಬೆರಳಿನಿಂದ ಮುಟ್ಟಿ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಹಿಟ್ಟು ಇನ್ನೂ ಬಿಸಿ. ಇಡೀ ಸೀನ್‌ಗೆ ಖರ್ಚಾದದ್ದು 2 ಕಿಲೊ ಜೋಳ. ಆ ಎರಡು ದನಿಯ ಕೆಳಗೆ ಇನ್ನೊಂದು ದನಿ ಇದೆ. ಅದೇನು ಅಂತ ನಮ್ಮ ಎಡಿಟರ್‌ಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಮೂಳೆ ಮುರಿಯುವ ಸದ್ದಿಗೆ ಒಣಗಿದ ತೊಗರಿ ಕಟ್ಟಿಗೆ. ಇಲ್ಲಿ ಅದಕ್ಕೇನು ಬರ, ರಾಶಿ ಮುಗಿದ ಮೇಲೆ ಎಲ್ಲರ ಹೊಲದಲ್ಲೂ ಸಿಗುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಮುರಿಯಿರಿ. ಜೋಳದ ಕಣಿಕೆ ಪ್ರಯತ್ನಿಸಿದ್ದೆ, ದನಿ ತೀರಾ ಹಗುರ.

ಇದರ ಮಧ್ಯೆ ಒಂದು ದಿನ ಬೀದರ್‌ಗೆ ಹೋದೆ. ನೌಬಾದಿನ ಸುರಂಗ ಬಾವಿ ನೋಡಿದ್ದೀರಲ್ವಾ, ಬಹಮನಿಯವರ ಕಾಲದ ನೆಲದೊಳಗಿನ ನೀರಿನ ಕಾಲುವೆ, ಮೇಲೆ ಸಾಲಾಗಿ ಬಾವಿಯಂಥ ಗಾಳಿಕಿಂಡಿಗಳು. ಒಂದು ಕಿಂಡಿಯೊಳಗೆ ಹಗ್ಗ ಕಟ್ಟಿ ರೆಕಾರ್ಡರ್ ಇಳಿಬಿಟ್ಟು ಒಂದು ಗಂಟೆ ಕೂತೆ. ಹೆಚ್ಚಾಗಿ ಪಾರಿವಾಳದ ರೆಕ್ಕೆ ಸದ್ದೇ ಬಂತು. ಆದರೆ ನಡುವೆ 40 ಸೆಕೆಂಡು ಬರೀ ತಂಪಾದ, ತುಂಬಿದ ಮೌನ. ಆ 40 ಸೆಕೆಂಡನ್ನೇ ಸುತ್ತಿ ಸುತ್ತಿ ವಾಡೆಯ ರಾತ್ರಿ ಸೀನುಗಳ ಕೆಳಗೆ ಹಾಸಿದ್ದೇನೆ. ಈ ಮೌನ ಇಲ್ಲದೆ ನೋಡಿದರೆ ಆ ಸೀನುಗಳು ಸತ್ತ ಹಾಗಿರುತ್ತವೆ.

ಮಾತು ಪೂರ್ತಿ ನಮ್ಮ ಕಡೆಯದೇ. ಬೆಂಗಳೂರಿನ ಗೆಳೆಯರು "ಜನ ನಗ್ತಾರೆ, ಬೇಡ" ಅಂದಿದ್ದರು. ಕಾಮಿಡಿಯಲ್ಲಿ ಮಾತ್ರ ಈ ಭಾಷೆ ಕೇಳಿ ಅಭ್ಯಾಸ ಅವರಿಗೆ. "ಯಾರದೀರಿ ಒಳಗ?" ಅಂತ ಸೊಸೆ ಕೇಳಿದಾಗ ಹಾಲ್‌ನಲ್ಲಿ ಒಬ್ಬರೂ ನಗಲಿಲ್ಲ.

ಹಾಲ್ ಬಾಡಿಗೆಗೆ ಹಿಡಿದು 3 ಶೋ ಹಾಕಿದೆವು, ಟಿಕೆಟ್ 60 ರೂಪಾಯಿ. ಒಂದು ಶೋಗೆ 180 ಜನರ ಹತ್ತಿರ ಇದ್ದರು. ಬಾಡಿಗೆ ಕಳೆದು ಕೈಗೆ 24 ಸಾವಿರ ಬಂತು. ಹಾಕಿದ ದುಡ್ಡು ಇನ್ನೂ ದೂರವೇ ಇದೆ.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಮೊದಲ 20 ನಿಮಿಷ ಎಳೆಯುತ್ತದೆ. ಜನ ಮೊಬೈಲ್ ತೆಗೆದದ್ದನ್ನು ಹಿಂದೆ ನಿಂತು ಎಣಿಸಿದೆ. ಮೈದುನನ ಪಾತ್ರದ ಡಬ್ಬಿಂಗ್ ಎರಡು ಕಡೆ ತುಟಿಗೆ ಕೂಡುವುದಿಲ್ಲ. ಬಾಗಿಲು ದಢಾರ್ ಅನ್ನುವ ಒಂದು ಶಾಟ್ ಇದೆ. ಹಾಲ್‌ನಲ್ಲಿ ಕೂಗು ಬಂತು ನಿಜ, ಆದರೆ ಆಮೇಲೆ 5 ನಿಮಿಷ ಜನ ತಮ್ಮತಮ್ಮಲ್ಲೇ ಮಾತಾಡುತ್ತ ಕೂತರು, ಕಟ್ಟಿದ ಹೆದರಿಕೆಯೆಲ್ಲ ಅಲ್ಲೇ ಸೋರಿತು. ಕೊನೆಯಲ್ಲಿ ದೆವ್ವ ಯಾಕೆ ಬಂತು ಅಂತ 9 ನಿಮಿಷ ಹಳೆ ಕಥೆ ಹೇಳಿಸಿದ್ದೇನೆ. ಅದು ನನ್ನ ತಪ್ಪು, ನಿರ್ಮಾಪಕ ಕಾಕಾ "ಕಾರಣ ಬೇಕಲೇ" ಅಂದಾಗ ಇಲ್ಲ ಅನ್ನಬೇಕಿತ್ತು.

ಅಜ್ಜಿಯನ್ನು ಕೊನೆಯ ಶೋಗೆ ಗಾಡಿ ಮಾಡಿ ಕರೆಸಿದ್ದೆ. ಮುಗಿದ ಮೇಲೆ ಕೈ ಹಿಡಿದು "ಎರಡು ದನಿ ನಮ್ಮ ಕಲ್ಲಿಂದು, ಇನ್ನೊಂದು ಯಾವುದಪ್ಪಾ?" ಅಂತ ಕೇಳಿದರು. ಅವರಿಗೊಬ್ಬರಿಗೆ ಕಿವಿಯಲ್ಲಿ ಹೇಳಿದೆ.

ಈಗ ಕೊನೆಯ 9 ನಿಮಿಷ ಪೂರ್ತಿ ತೆಗೆದು, ಮೊದಲಿನದನ್ನು ಕತ್ತರಿಸಿ 52 ನಿಮಿಷಕ್ಕೆ ಇಳಿಸುತ್ತಿದ್ದೇನೆ. ಬಾಗಿಲಿನ ಶಾಟ್ ಬಗ್ಗೆ ಮಾತ್ರ ಕಾಕಾನ ಜೊತೆ ಇನ್ನೂ ಜಗಳ ನಡೆದಿದೆ.